ಮೂರನೆಯ ಸಾಲಿನವರೆಗೆ

ಫೆಬ್ರವರಿ 4

ಮಗಳಿಗೆ,

ಫೋನಿನಲ್ಲಿ ನಾವಿಬ್ಬರೂ ಹೂಂ ಅನ್ನುವುದರಲ್ಲೇ ಐದು ನಿಮಿಷ ಕಳೆಯುತ್ತೇವೆ. ಅದಕ್ಕೇ ಇದನ್ನು ಬರೆದು ತಿಳಿಸುತ್ತಿದ್ದೇನೆ. ಮಂಡಿ ನೋವು ಇದ್ದ ಹಾಗೇ ಇದೆ. ಅಂಚೆ ಕಚೇರಿಯಲ್ಲಿ ಇನ್ನು ನಾಲ್ಕು ತಿಂಗಳ ಕೆಲಸ ಉಳಿದಿದೆ. ವಿಳಾಸ ಸಿಗದ ಪತ್ರಗಳ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ಬೀಳ್ಕೊಡುಗೆಯ ದಿನ ಏನು ಕೊಡುವುದು ಎಂದು ಜೊತೆಯವರು ಈಗಲೇ ಪಿಸುಗುಡುತ್ತಿದ್ದಾರೆ.

ಹೋದ ವಾರ ಮನೆಗೆ ಎರಡು ಕಾಗದ ಬಂದವು. ಒಂದು ಸರ್ಕಾರ ನೇಮಿಸಿದ ಸಮಿತಿಯದು. ದಾರಿ ತಪ್ಪಿದ ಮಕ್ಕಳ ನಡತೆ ತಿದ್ದುತ್ತೇವೆಂದು ಖಾಸಗಿಯವರು ನಡೆಸುವ ಕೇಂದ್ರಗಳನ್ನು ನಿಷೇಧಿಸಬೇಕೇ ಬೇಡವೇ ಎಂದು ಅವರು ವಿಚಾರಣೆ ನಡೆಸುತ್ತಿದ್ದಾರೆ. ನೀನು ಹದಿನಾರನೆಯ ವಯಸ್ಸಿನಲ್ಲಿ ಒಂಬತ್ತು ತಿಂಗಳು ಇದ್ದ ಕೇಂದ್ರವೂ ಆ ಪಟ್ಟಿಯಲ್ಲಿದೆ. ಇನ್ನೊಂದು ಕಾಗದ ಆ ಕೇಂದ್ರದ ಮುಖ್ಯಸ್ಥರದೇ. ಹನ್ನೊಂದು ವರ್ಷದ ಹಿಂದೆ ನಾನು ಬರೆದುಕೊಟ್ಟ ಮೆಚ್ಚುಗೆಯ ಪತ್ರವನ್ನು ಅವರು ಪ್ರತಿ ವರ್ಷ ತಮ್ಮ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದಾರಂತೆ. ಸಮಿತಿಯ ಮುಂದೆ ಬಂದು ಅದನ್ನೇ ನಾನು ಬಾಯಿಬಿಟ್ಟು ಹೇಳಬೇಕಂತೆ. ಪುಸ್ತಿಕೆಯ ಪ್ರತಿಯನ್ನೂ ಇಟ್ಟಿದ್ದಾರೆ. ‘ಮಗಳು ಈಗ ಫೋನಿನಲ್ಲಿ ಎದುರು ಮಾತಾಡುವುದಿಲ್ಲ’ ಎಂದು ನಾನು ಬರೆದದ್ದು ನಾಲ್ಕನೆಯ ಪುಟದಲ್ಲಿದೆ, ಹೂಬಳ್ಳಿಯ ಚೌಕಟ್ಟಿನೊಳಗೆ.

ಏನು ಮಾಡಲಿ ಎಂದು ತೋಚುತ್ತಿಲ್ಲ. ನಿನ್ನನ್ನು ಕಳಿಸುವ ಹೊತ್ತಿಗೆ ನಿಮ್ಮಪ್ಪ ಹೋಗಿ ಎರಡು ವರ್ಷವಾಗಿತ್ತು. ನೀನು ನಲವತ್ತು ದಿನ ಶಾಲೆಗೆ ಹೋಗಿರಲಿಲ್ಲ. ಶಾಲೆಯಿಂದ ನನಗೆ ಬರುತ್ತಿದ್ದ ಪತ್ರಗಳನ್ನು ನೀನು ಅಂಚೆಯವನ ಕೈಯಿಂದಲೇ ಇಸಿದುಕೊಂಡು ಹರಿದು ಹಾಕುತ್ತಿದ್ದೆ. ಎರಡು ಸಲ ಮನೆ ಬಿಟ್ಟು ಹೋದೆ. ಆಗ ನನಗೆ ಬೇರೆ ದಾರಿ ಕಾಣಲಿಲ್ಲ. ಇಂಥ ಜಾಗಗಳನ್ನೆಲ್ಲ ಮುಚ್ಚಿಬಿಟ್ಟರೆ ಆಗ ನಾನಿದ್ದ ಸ್ಥಿತಿಯಲ್ಲಿ ಇವತ್ತು ಇರುವವರು ಎಲ್ಲಿಗೆ ಹೋಗಬೇಕು ಎಂಬುದೂ ಒಂದು ಪ್ರಶ್ನೆ. ನಿನಗೆ ಏನನ್ನಿಸುತ್ತದೆ, ತಿಳಿಸು.

ಇಂತಿ,
ಅಮ್ಮ


ಫೆಬ್ರವರಿ 19

ಅಮ್ಮನಿಗೆ,

ತಡವಾಯಿತು. ಲ್ಯಾಬಿನಲ್ಲಿ ಈ ತಿಂಗಳು ಪೂರ್ತಿ ಹಲ್ಲಿನ ಸೆಟ್ಟುಗಳೇ ಜಾಸ್ತಿ. ಇವತ್ತು ಒಬ್ಬ ಅಜ್ಜನಿಗೆ ಮೂರನೆಯ ಸಲ ಮೇಣದಲ್ಲಿ ಹಲ್ಲು ಜೋಡಿಸಿ ಕಳಿಸಿದೆ. ಮೊದಲಿನ ಎರಡರಲ್ಲೂ ತಾನು ತನ್ನ ತಮ್ಮನ ಹಾಗೆ ಕಾಣುತ್ತೇನೆ ಎಂದು ವಾಪಸ್ ಮಾಡಿದರಂತೆ. ತಮ್ಮನ ಜೊತೆ ಮಾತಿಲ್ಲವಂತೆ.

ಸಮಿತಿಯ ಕಾಗದ ನನಗೂ ಬಂದಿದೆ. ನಾನು ಹೋಗುತ್ತೇನೆ. ಮುಚ್ಚಿ ಎಂದು ಹೇಳುವುದಕ್ಕೆ ಹೋಗುತ್ತೇನೆ. ನೀನು ಏನು ಹೇಳಬೇಕು ಎನ್ನುವುದು ನಿನಗೆ ಬಿಟ್ಟದ್ದು. ನೀನು ಕಳಿಸಿದ್ದರ ಬಗ್ಗೆ ಈಗ ಜಗಳ ತೆಗೆಯುವುದಿಲ್ಲ. ನಾನು ಊಟಕ್ಕೆ ಕೂತಿದ್ದೆ, ಕೇಂದ್ರದಿಂದ ಇಬ್ಬರು ಬಂದರು, ನೀನೇ ಬಾಗಿಲು ತೆಗೆದೆ, ಬ್ಯಾಗು ಆಗಲೇ ತುಂಬಿಸಿಟ್ಟಿದ್ದೆ. ಅದೆಲ್ಲ ನಮ್ಮಿಬ್ಬರಿಗೂ ಗೊತ್ತಿರುವುದೇ. ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಸಮಿತಿಯ ಮುಂದೆ ಹೇಳುವುದು ಅದನ್ನೇ.

ನಾಲ್ಕನೆಯ ತಿಂಗಳಲ್ಲಿ ನಿನಗೊಂದು ಗುಟ್ಟಿನ ಪತ್ರ ಬರೆದಿದ್ದೆ. ನಾವು ಮನೆಗೆ ಬರೆಯುತ್ತಿದ್ದ ಪತ್ರಗಳನ್ನೆಲ್ಲ ಮುಖ್ಯಸ್ಥರು ಓದುತ್ತಿದ್ದರು. ಅವರನ್ನು ನಾವು ದೊಡ್ಡಪ್ಪ ಎಂದೇ ಕರೆಯಬೇಕಿತ್ತು. ಅದಕ್ಕೆ ಈ ಪತ್ರವನ್ನು ಅಂಟಿಸಿ ಅಡುಗೆ ಅಕ್ಕನ ಕೈಗೆ ಕೊಟ್ಟೆ. ಅಲ್ಲಿದ್ದ ದೊಡ್ಡವರಲ್ಲಿ ನಮ್ಮನ್ನು ‘ಊಟ ಆಯ್ತಾ’ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಹೊರಗೆ ಡಬ್ಬಿಗೆ ಹಾಕುತ್ತೇನೆ ಎಂದಳು. ಒಂದು ವಾರಕ್ಕೆ ಆ ಪತ್ರ ದೊಡ್ಡಪ್ಪನ ಮೇಜಿನ ಮೇಲಿತ್ತು.

ನನ್ನ ಕುತ್ತಿಗೆಗೆ ಮರದ ಬಿಲ್ಲೆ ಹಾಕಿದರು. ಅದು ಇರುವವರೆಗೆ ನಾನು ಯಾರ ಜೊತೆಗೂ ಮಾತಾಡುವಂತಿಲ್ಲ, ನನ್ನ ಜೊತೆ ಯಾರೂ ಮಾತಾಡುವಂತಿಲ್ಲ. ಹತ್ತೊಂಬತ್ತು ದಿನ. ಆಮೇಲೆ ಬಿಲ್ಲೆ ತೆಗೆದು ನಿನ್ನ ಜೊತೆ ಫೋನಿನಲ್ಲಿ ಮಾತಾಡಿಸಿದರು. ನೆನಪಿದೆಯಾ? ಆ ಪತ್ರ ನಿನಗೆ ತಲುಪಿದ್ದರೆ ಅವತ್ತು ನೀನು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅಲ್ಲಿಗೆ ನನಗೆ ಗೊತ್ತಾಯಿತು, ಅಡುಗೆಯವಳು ಅದನ್ನು ಗೇಟು ದಾಟಿಸಲೇ ಇಲ್ಲ ಎಂದು.

ಅವಳ ವಿಷಯವನ್ನು ಹೇಳುತ್ತೇನೆ. ಹೊಡೆದವರನ್ನು ಮರೆತಿದ್ದೇನೆ, ಅವಳನ್ನು ಮರೆತಿಲ್ಲ.

ನಿನ್ನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ, ಆ ಪತ್ರ ಸಿಕ್ಕಿದ್ದರೆ ಅಮ್ಮ ಮಾರನೆಯ ದಿನವೇ ಬರುತ್ತಿದ್ದಳು ಎಂಬುದೊಂದು ಇದೆಯಲ್ಲ, ಅದರ ಮೇಲೇ ಇಷ್ಟು ವರ್ಷ ನಿನ್ನ ಜೊತೆ ಹೂಂ ಅಂದುಕೊಂಡಾದರೂ ಇದ್ದೇನೆ.

ಇಂತಿ,
ಮಗಳು


ಮಾರ್ಚ್ 2

ಮಗಳಿಗೆ,

ನಿನ್ನ ಪತ್ರ ಸಿಕ್ಕಿತು. ಪೂರ್ತಿ ಓದಿದೆ.

ನನ್ನ ಜಾಗಕ್ಕೆ ಬರುವವರಿಗೆ ಕೆಲಸ ಕಲಿಸುತ್ತಿದ್ದೇನೆ. ಐವತ್ತು ದಾಟಿದ ಗಂಡಸು, ಬೇರೆ ವಿಭಾಗದಿಂದ ವರ್ಗವಾಗಿ ಬಂದವರು. ಮನುಷ್ಯ ಒಳ್ಳೆಯವರು, ಕೆಲಸದಲ್ಲಿ ಬಲು ನಿಧಾನ. ನಮ್ಮಲ್ಲಿ ಮೊದಲನೆಯ ನಿಯಮ ಒಂದೇ. ಯಾರಿಗೂ ತಲುಪದ ಪತ್ರವನ್ನು ಒಡೆದಾಗ, ಕಳಿಸಿದವರು ಯಾರು ಎಂದು ತಿಳಿಯುವವರೆಗೆ ಮಾತ್ರ ಓದಬೇಕು. ತಿಳಿದ ಕೂಡಲೇ ಮಡಿಸಿ, ಬಂದಲ್ಲಿಗೆ ವಾಪಸ್ ಕಳಿಸಬೇಕು. ಈ ಮನುಷ್ಯ ಪ್ರತಿ ಪತ್ರವನ್ನೂ ಕೊನೆಯವರೆಗೆ ಓದುತ್ತಾರೆ, ನಗುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ. ನಿನ್ನೆ ಗದರಿದೆ. ‘ಏನ್ ಮಾಡ್ಲಿ ಮೇಡಂ, ಅರ್ಧಕ್ಕೇ ಮಡಿಸಿದ್ರೆ ಊಟದ ಮಧ್ಯೆ ಎಬ್ಬಿಸಿದ ಹಾಗಾಗುತ್ತೆ’ ಎಂದರು. ಆಮೇಲೆ ನನಗೆ ಕೆಲಸ ಮಾಡಲು ಆಗಲಿಲ್ಲ.

ಆ ಅಡುಗೆಯಾಕೆಯ ವಿಷಯ ಹೇಳಲೇಬೇಕೇ? ಇಷ್ಟು ವರ್ಷವಾಗಿದೆ. ಅವಳದೂ ಹೊಟ್ಟೆಪಾಡು. ಅಲ್ಲಿ ನಡೆದದ್ದನ್ನು ಹೇಳುವುದಕ್ಕೆ ಅವಳ ಹೆಸರು ಬೇಕಾಗಿಲ್ಲ. ಇನ್ನೊಮ್ಮೆ ಯೋಚಿಸು.

ಆ ಫೋನಿನಲ್ಲಿ ನಾನು ಏನು ಕೇಳಬೇಕಿತ್ತು?

ಇಂತಿ,
ಅಮ್ಮ


ಮಾರ್ಚ್ 11

ಅಮ್ಮನಿಗೆ,

ಏನು ಕೇಳಬೇಕಿತ್ತು ಎಂದು ಹೇಳುವುದಿಲ್ಲ. ಪತ್ರ ಓದಿದವರಿಗೆ ಮಾತ್ರ ಅದು ಗೊತ್ತಿರುತ್ತದೆ. ನೀನು ಓದಿಲ್ಲ, ಅದು ನಿನ್ನ ತಪ್ಪಲ್ಲ.

ಆದರೆ ಅಡುಗೆಯವಳ ಮೇಲೆ ನಿನಗೆ ಇಷ್ಟೊಂದು ಕನಿಕರ ಎಲ್ಲಿಂದ ಬಂತು? ನನಗೆ ಜ್ವರ ಬಂದಾಗಲೂ ನೀನು ಎರಡು ಸಲ ಥರ್ಮಾಮೀಟರು ನೋಡಿ ಆಮೇಲೆ ನಂಬುತ್ತಿದ್ದವಳು. ಗುರುತಿಲ್ಲದ ಹೆಂಗಸಿನ ಹೊಟ್ಟೆಪಾಡು ಮಾತ್ರ ಕಾಗದದಲ್ಲೇ ಅರ್ಥವಾಯಿತು.

ಸಮಿತಿಯ ಕಚೇರಿಯವರು ಅವಳನ್ನೂ ಪತ್ತೆ ಮಾಡಿದ್ದಾರೆ. ನಿಮ್ಮೂರಿನಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಾಳೆ. ಪತ್ರದ ವಿಷಯ ಕೇಳಿದ್ದಕ್ಕೆ ಏನು ಹೇಳಿದಳು ಗೊತ್ತಾ? ನೆನಪಿಲ್ಲವಂತೆ. ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಿದ್ದೆಯಲ್ಲ ನೀನು. ಏಪ್ರಿಲ್ ಇಪ್ಪತ್ತಕ್ಕೆ ವಿಚಾರಣೆ. ಅವಳ ಎದುರಿಗೇ ಹೇಳುತ್ತೇನೆ. ಈಗ ಇರುವ ಕೆಲಸ ಹೋದರೆ ಹೋಗಲಿ. ನನ್ನ ಹತ್ತೊಂಬತ್ತು ದಿನಕ್ಕೆ ಅಷ್ಟಾದರೂ ಆಗಲಿ.

ಇಂತಿ,
ಮಗಳು


ಮಾರ್ಚ್ 23

ಚೋಟು,

ಈ ಹೆಸರಿನಿಂದ ಕರೆಯಬೇಡ ಎಂದು ನೀನು ಹೇಳಿ ಹತ್ತು ವರ್ಷವಾಯಿತು. ಈ ಪತ್ರ ಓದಿದ ಮೇಲೆ ಕರೆಯುವ ಮುಖ ನನಗೆ ಇರುವುದಿಲ್ಲ. ಅದಕ್ಕೇ ಈಗ ಒಮ್ಮೆ.

ನಿನ್ನ ಪತ್ರ ನನಗೆ ತಲುಪಿತ್ತು.

ಅವತ್ತು ಗುರುವಾರ. ಕಚೇರಿಯಿಂದ ಬಂದಾಗ ಬಾಗಿಲ ಸಂದಿಯಲ್ಲಿತ್ತು. ಹಿಟ್ಟಿನ ಚೀಲದ ಕಾಗದ ಕತ್ತರಿಸಿ ಮಾಡಿದ ಲಕೋಟೆ, ಮೇಲೆ ಗೊತ್ತಿಲ್ಲದ ಅಕ್ಷರ (ಅಡುಗೆಯಾಕೆಯದೇ ಇರಬೇಕು), ಕಳಿಸಿದವರ ಹೆಸರಿಲ್ಲ. ಕೈಚೀಲ ಕೆಳಗಿಡದೆ ನಿಂತುಕೊಂಡೇ ಒಡೆದೆ. ಮೂರು ಸಾಲು ಓದಿದೆ. ‘ಅಮ್ಮಾ, ಇದು ನಾನೇ. ಇದನ್ನು ಅವರಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಇಲ್ಲಿ ನಮ್ಮನ್ನು’ ಎಂಬಲ್ಲಿಗೆ ಮೂರನೆಯ ಸಾಲು ಮುಗಿಯುತ್ತಿತ್ತು. ಅಲ್ಲಿಗೆ ಮಡಿಸಿದೆ.

ನಿನ್ನನ್ನು ಸೇರಿಸುವಾಗ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದೆ. ಮಗುವಿನಿಂದ ಗುಟ್ಟಾಗಿ ದೂರಿನ ಪತ್ರ ಬಂದರೆ ಉತ್ತರಿಸದೆ ಕೇಂದ್ರಕ್ಕೆ ಒಪ್ಪಿಸಬೇಕು ಎಂಬುದು ಅದರ ಏಳನೆಯ ಷರತ್ತು. ಮಕ್ಕಳು ಮೊದಲು ಅಳುತ್ತಾರೆ, ಆಮೇಲೆ ಕಥೆ ಕಟ್ಟುತ್ತಾರೆ, ಅದಕ್ಕೆ ಕರಗಿದಿರೋ ಆರು ತಿಂಗಳ ಶ್ರಮ ನೀರುಪಾಲು ಎಂದು ಮುಖ್ಯಸ್ಥರು ತಿಳಿಹೇಳಿದ್ದರು. ಮಾರನೆಯ ದಿನ ಕಂದು ಲಕೋಟೆಯೊಂದರಲ್ಲಿ ನಿನ್ನ ಪತ್ರವನ್ನು ಆ ಹಿಟ್ಟಿನ ಕಾಗದದ ಲಕೋಟೆಯ ಸಮೇತ ಹಾಕಿ, ನನ್ನ ಕೈಯಾರೆ ಕೇಂದ್ರದ ವಿಳಾಸ ಬರೆದು, ನಮ್ಮ ಕಚೇರಿಯ ಕೌಂಟರಿನಲ್ಲೇ ರಿಜಿಸ್ಟರ್ ಮಾಡಿಸಿದೆ. ದಾರಿಯಲ್ಲಿ ಕಳೆದುಹೋಗಬಾರದು ಎಂದು ರಿಜಿಸ್ಟರ್. ರಸೀದಿ ಈಗಲೂ ಇದೆ.

ಷರತ್ತು, ಕಚೇರಿಯ ನಿಯಮ, ಎರಡನ್ನೂ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಳಿಸಿದವರು ಯಾರು ಎಂದು ತಿಳಿದ ಮೇಲೆ ಓದಬಾರದು, ಬಂದಲ್ಲಿಗೆ ಕಳಿಸಬೇಕು. ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದೆ ಎಂದುಕೊಂಡೆ. ಅದು ಸುಳ್ಳು. ಇನ್ನೊಂದು ಸಾಲು ಓದಿದ್ದರೆ ನಾನು ಬಸ್ಸು ಹತ್ತಿಬಿಡುತ್ತಿದ್ದೆ. ಅದು ಗೊತ್ತಿದ್ದೇ ಮಡಿಸಿದೆ. ಆ ನಾಲ್ಕು ತಿಂಗಳು ಮನೆ ತಣ್ಣಗಿತ್ತು. ಬಾಗಿಲು ಬಡಿದುಕೊಳ್ಳುತ್ತಿರಲಿಲ್ಲ. ಯಾರೂ ಬಂದು ದೂರು ಹೇಳುತ್ತಿರಲಿಲ್ಲ. ನಿಮ್ಮಪ್ಪ ಹೋದ ಮೇಲೆ ಮೊದಲ ಸಲ ನಾನು ಬೆಳಗಿನವರೆಗೆ ಎಚ್ಚರವಾಗದೆ ಮಲಗುತ್ತಿದ್ದೆ. ನಿನ್ನನ್ನು ಕರೆದುಕೊಂಡು ಬಂದರೆ ಅದು ಹೋಗುತ್ತದೆ ಎಂದು ಹೆದರಿದೆ.

ಬಿಲ್ಲೆಯ ವಿಷಯ ನನಗೆ ನಿನ್ನ ಫೆಬ್ರವರಿಯ ಪತ್ರದಿಂದಲೇ ತಿಳಿದದ್ದು. ಆ ಫೋನಿನಲ್ಲಿ ನೀನು ಎಲ್ಲದಕ್ಕೂ ‘ಸರಿ ಅಮ್ಮ’ ಎಂದೆ. ಗೆದ್ದೆ ಎಂದುಕೊಂಡೆ. ಅದೇ ವಾರ ಮೆಚ್ಚುಗೆಯ ಪತ್ರ ಬರೆದೆ.

ಅಡುಗೆಯಾಕೆ ಏನೂ ಮಾಡಿಲ್ಲ. ಹೇಳಿದ ಹಾಗೆ ಡಬ್ಬಿಗೆ ಹಾಕಿದಳು. ಅವಳ ಹೆಸರು ಎಲ್ಲೂ ಹೇಳಬೇಡ. ಹೇಳಬೇಕಾದ ಹೆಸರು ನಿನಗೆ ಚೆನ್ನಾಗಿ ಗೊತ್ತಿರುವುದೇ.

ಅಮ್ಮ


ಏಪ್ರಿಲ್ 14

ಮಗಳಿಗೆ,

ಉತ್ತರ ಬರಲಿಲ್ಲ. ಬರುತ್ತದೆ ಎಂದು ಕಾದವಳಂತೆ ಬರೆಯುವುದೂ ಸರಿಯಲ್ಲ. ಒಂದು ವಿಷಯ ಮಾತ್ರ ನಿನಗೆ ತಿಳಿದಿರಬೇಕು.

ಶನಿವಾರ ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನು ನೋಡಿದೆ. ನೆಲಮಾಳಿಗೆಯಲ್ಲಿ ಒಣಗಿದ ಹಾಸುಬಟ್ಟೆಗಳನ್ನು ಮಡಿಸುತ್ತಿದ್ದಳು. ಕೂರಲು ಜಾಗವಿರಲಿಲ್ಲ. ಅವಳು ಒಂದು ಹಾಸುಬಟ್ಟೆಯನ್ನು ಕೊಡವಿದಾಗ ಇನ್ನೊಂದು ತುದಿ ನನ್ನ ಕಡೆ ಬಂತು, ಹಿಡಿದುಕೊಂಡೆ. ಹಾಗೇ ಇಬ್ಬರೂ ಮಡಿಸುತ್ತಾ ಹೋದೆವು. ನಾನು ಯಾರೆಂದು ಹೇಳಿದೆ. ಮಾಡಿದ್ದನ್ನೂ ಹೇಳಿದೆ. ಅವಳು ಬಟ್ಟೆಯ ಅಂಚು ಸರಿಮಾಡುವುದನ್ನು ನಿಲ್ಲಿಸಲಿಲ್ಲ.

‘ಗೊತ್ತಮ್ಮಾ,’ ಅಂದಳು. ‘ಮಗೂಗೆ ಬಟ್ಟೆಬರೆ ಪಾರ್ಸೆಲ್ ಕಳಿಸ್ತಿದ್ರಲ್ಲ, ಅದರ ಮೇಲೆ ನಿಮ್ಮ ಅಕ್ಷರ ನೋಡಿದ್ದೆ. ದೊಡ್ಡಪ್ಪ ಆ ಕಂದು ಕವರನ್ನ ನನ್ನ ಮುಂದೆ ಇಟ್ರು. ಅವತ್ತೇ ಕೆಲಸದಿಂದ ಬಿಡಿಸಿದ್ರು.’

ಹಾಗಾದರೆ ನನ್ನ ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೊರಡುವಾಗ, ಅವಳನ್ನು ಬಿಡಿಸಿದ್ದು ಗೊತ್ತಿರದ ನೀನು ಅಂಗಳದಲ್ಲಿ ಬಿಲ್ಲೆ ಹಾಕಿಕೊಂಡು ನಿಂತಿದ್ದೆಯಂತೆ. ಅವಳನ್ನು ನೋಡಿ ನೆಲಕ್ಕೆ ಉಗಿದೆಯಂತೆ.

‘ಹೇಳಿ ಏನಾಗ್ಬೇಕಿತ್ತು? ಅವಳು ಇನ್ನೂ ಐದು ತಿಂಗಳು ಅಲ್ಲಿರ್ಬೇಕಿತ್ತು. ನನ್ನನ್ನ ಬೈಕೊಂಡಾದ್ರೂ ಅಮ್ಮ ಬರ್ತಾಳೆ ಅಂತ ಕಾಯ್ಲಿ ಅಂದ್ಕೊಂಡೆ. ಅಡುಗೆಯವಳು ಕೆಟ್ಟವಳಾದ್ರೆ ಯಾರ ಗಂಟು ಹೋಗುತ್ತೆ?’

ಸಮಿತಿಯವರಿಗೆ ನೆನಪಿಲ್ಲ ಎಂದದ್ದೂ ಅದಕ್ಕೇ.

ಬುಟ್ಟಿ ಖಾಲಿಯಾದ ಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು. ನೀನು ಅಂಟಿಸಿ ಕೊಟ್ಟಿದ್ದೆಯಲ್ಲ, ಅದರಲ್ಲಿ ಏನು ಬರೆದಿದ್ದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆ ಪತ್ರಕ್ಕಾಗಿ ಕೆಲಸ ಕಳಕೊಂಡವಳು. ‘ಏನಿತ್ತಮ್ಮಾ ಅದರಲ್ಲಿ?’ ಎಂದು ಕೇಳಿದಳು. ಮೂರು ಸಾಲು ಮಾತ್ರ ಓದಿದ್ದೇನೆ ಎಂದೆ.

ಇಪ್ಪತ್ತಕ್ಕೆ ನಾನೂ ಬರುತ್ತೇನೆ. ರಸೀದಿ ತರುತ್ತೇನೆ.

ಅಮ್ಮ


ಏಪ್ರಿಲ್ 29

ಅಮ್ಮನಿಗೆ,

ವಿಚಾರಣೆಯ ದಿನ ಮೂರನೆಯ ಸಾಲಿನಲ್ಲಿ ಕೂತಿದ್ದೆ, ನಿನ್ನ ಬೆನ್ನ ಹಿಂದೆ. ನೀನು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಎದ್ದು ಹೋಗುತ್ತಿದ್ದೆ.

ಮೆಚ್ಚುಗೆಯ ಪತ್ರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ನೀನು ಹೇಳಿದೆ. ರಸೀದಿ ಮೇಜಿನ ಮೇಲಿಟ್ಟೆ. ಆಗ ಒಬ್ಬ ತಂದೆ ಎದ್ದು ನಿಂತು, ‘ನಿಮ್ಮ ಮಗಳು ಬದುಕಿದ್ದಾಳೆ, ದುಡೀತಿದ್ದಾಳೆ, ಇನ್ನೇನು ಬೇಕು? ಇದನ್ನೆಲ್ಲ ಮುಚ್ಚಿಸಿದ್ರೆ ನಮ್ಮ ಹುಡುಗನ್ನ ನಿಮ್ಮನೆಗೆ ಕಳಿಸ್ಲಾ?’ ಎಂದು ಕೇಳಿದರು. ಕೆಲವರು ನಕ್ಕರು. ನೀನು ಅವರ ಕಡೆ ತಿರುಗಿ, ‘ನಾನೂ ಹೀಗೇ ಕೇಳ್ತಿದ್ದೆ’ ಎಂದೆ. ಆಮೇಲೆ ಸಮಿತಿಯವರಿಗೆ, ಮುಚ್ಚಿ, ನನ್ನಂಥ ನೂರು ಜನ ಪತ್ರ ವಾಪಸ್ ಕಳಿಸದಿದ್ದರೆ ಆ ಜಾಗ ಒಂದು ತಿಂಗಳೂ ನಡೆಯುತ್ತಿರಲಿಲ್ಲ ಎಂದೆ. ನಿನ್ನನ್ನು ನೋಡಿ ನನಗೆ ಮರುಕ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಅಡುಗೆ ಅಕ್ಕ ಮಾತು ಕೊಟ್ಟ ಹಾಗೆ ಪತ್ರವನ್ನು ಡಬ್ಬಿಗೆ ಹಾಕಿದಳು ಎಂದು ನಾನು ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. ಹೊರಗೆ ಬಂದು ಅವಳ ಕಾಲಿಗೆ ಬಿದ್ದೆ. ‘ಏಳು ಏಳು, ಚಪ್ಪಲಿ ಹೊಲಸಾಗಿದೆ’ ಎಂದು ಎತ್ತಿದಳು.

ಕೇಂದ್ರದ ಕಡತಗಳನ್ನು ಸಮಿತಿ ತರಿಸಿಕೊಂಡಿದೆ. ನನ್ನ ಪತ್ರ ನನ್ನ ಕಡತದಲ್ಲೇ ಇತ್ತು, ನಿನ್ನ ಕಂದು ಲಕೋಟೆಯ ಸಮೇತ. ಜೆರಾಕ್ಸ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಒಂದು ಪ್ರತಿ ಅಕ್ಕನಿಗೂ ಕಳಿಸಿದ್ದೇನೆ, ಅವಳು ಕೇಳಿದ್ದಳಲ್ಲ.

ನೀನು ಕೂತು ಓದು. ನಿಂತುಕೊಂಡು ಓದಬೇಡ. ಕೊನೆಯ ಸಾಲಿನವರೆಗೆ ಓದು. ಆ ಸಾಲಿನಲ್ಲಿ ಏನಿದೆಯೋ ಅದನ್ನು ಮಾಡು. ಬೇರೆ ಏನನ್ನೂ ಬರೆಯಬೇಡ, ಕ್ಷಮೆ ಗಿಮೆ ಬೇಡ. ಓದಿದ್ದೀಯ ಎಂದು ನನಗೆ ಗೊತ್ತಾದರೆ ಸಾಕು.

ಮಗಳು


ಮೇ 6

ಮಗಳಿಗೆ,

ಕೂತು ಓದಿದೆ. ಇಪ್ಪತ್ತೆರಡು ಸಾಲು.

ಬೇರೆ ಏನನ್ನೂ ಬರೆಯಬೇಡ ಎಂದಿದ್ದೀಯ. ಕೊನೆಯ ಸಾಲುಗಳನ್ನು ಮಾತ್ರ ಇಲ್ಲಿ ನಕಲು ಮಾಡುತ್ತೇನೆ. ‘ಕೆಳಗಿನ ಹಲ್ಲು ತುಂಬಾ ನೋಯುತ್ತಿದೆ, ಹೇಳಿದರೆ ನಾಟಕ ಅನ್ನುತ್ತಾರೆ. ನೀನು ಬರಲಾಗದಿದ್ದರೂ ಪರವಾಗಿಲ್ಲ. ಮುಂದಿನ ಸಲ ಫೋನ್ ಮಾಡಿದಾಗ ಹಲ್ಲುನೋವು ಹೇಗಿದೆ ಅಂತ ಕೇಳು. ನೀನು ಇದನ್ನು ಓದಿದ್ದೀಯ ಅಂತ ನನಗೆ ಗೊತ್ತಾಗುತ್ತೆ.’

ಅವತ್ತು ಫೋನಿನಲ್ಲಿ ನಾನು ಊಟದ ವಿಷಯ ಕೇಳಿದೆ, ಹಟ ಮಾಡಬೇಡ ಎಂದೆ.

ಹಲ್ಲುನೋವು ಹೇಗಿದೆ?

ಅಮ್ಮ


ಮೇ 17

ಅಮ್ಮನಿಗೆ,

ಆ ಹಲ್ಲನ್ನು ಅಲ್ಲೇ ಕಿತ್ತರು, ಏಳನೆಯ ತಿಂಗಳಲ್ಲಿ. ಎಡಗಡೆ, ಕೆಳಗೆ, ಹಿಂದಿನಿಂದ ಎರಡನೆಯದು.

ಊರಿನವರಿಗೆಲ್ಲ ಹಲ್ಲು ಮಾಡಿಕೊಡುತ್ತೇನೆ. ನನ್ನದೊಂದನ್ನು ಮಾಡಿಕೊಳ್ಳಲು ಅರ್ಧ ದಿನ ಸಾಕು, ಲ್ಯಾಬಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಈಗ ನೋವಿಲ್ಲ. ನಾಲಿಗೆ ಮಾತ್ರ ದಿನಕ್ಕೆ ಹತ್ತು ಸಲ ಅಲ್ಲಿಗೇ ಹೋಗುತ್ತದೆ.

ಇಂತಿ,
ಮಗಳು